ಡಯಾಲಿಸಿಸ್ ಕಂಪನಿ ಬೆಳೆಯುವುದು ಹೇಗೆ, ಬೆಳೆದರೆ ರೋಗಿಗೇನು?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ ಮೇಲೆ, ಮೂರು ವರ್ಷಗಳಿಂದ ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಕಳೆದ ವರ್ಷ ಡಯಾಲಿಸಿಸ್ ವಿಭಾಗದ ಬಾಗಿಲ ಮೇಲೆ ಬೇರೊಂದು ಕಂಪನಿಯ ಬೋರ್ಡು ಬಂತು, ಸಿಬ್ಬಂದಿಯ ಸಮವಸ್ತ್ರವೂ ಬದಲಾಯಿತು. ಡಯಾಲಿಸಿಸ್ ಮಾಡುವ ಕಂಪನಿಯೊಂದು ಷೇರುಪೇಟೆಗೂ ಬಂದಿದೆಯೆಂದು ಪತ್ರಿಕೆಯಲ್ಲಿ ಓದಿದೆ. ಬರೀ ಡಯಾಲಿಸಿಸ್ ಮಾಡಿಯೇ ಒಂದು ಕಂಪನಿ ಅಷ್ಟು ದೊಡ್ಡದಾಗುವುದು ಹೇಗೆ? ಅದು ಬೆಳೆದರೆ ನಮ್ಮಂಥವರಿಗೆ ಒಳ್ಳೆಯದೋ ಕೆಟ್ಟದ್ದೋ? ಈಗ ನಾವು ಹೋಗಿ ಬರಲು 90 ಕಿಲೋಮೀಟರ್ ಪ್ರಯಾಣ ಮಾಡಬೇಕು. ನಮ್ಮ ತಾಲ್ಲೂಕಿನಲ್ಲೇ ಅಂಥದ್ದೊಂದು ಕೇಂದ್ರ ತೆರೆಯುತ್ತಿದೆ. ತಂದೆಯವರನ್ನು ಅಲ್ಲಿಗೆ ಬದಲಾಯಿಸಬಹುದೆ?

ಉತ್ತರ: ಬಾಗಿಲ ಮೇಲಿನ ಬೋರ್ಡಿನಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರದ ಬಹುಪಾಲು ಅಲ್ಲಿಯೇ ಇದೆ. ಕಳೆದ ಹದಿನೈದು ವರ್ಷಗಳಲ್ಲಿ ನಮ್ಮ ದೇಶದ ಡಯಾಲಿಸಿಸ್ ಕಂಪನಿಗಳು ಬೆಳೆದದ್ದು ಹೆಚ್ಚಾಗಿ ಸ್ವಂತ ಕಟ್ಟಡ ಕಟ್ಟಿಕೊಂಡಲ್ಲ. ಆಗಲೇ ಇದ್ದ ಆಸ್ಪತ್ರೆಗಳ ಒಳಗೆ ಒಂದು ಕೋಣೆಯನ್ನೋ ಒಂದು ಅಂತಸ್ತನ್ನೋ ಪಡೆದು, ಅಲ್ಲಿ ತಮ್ಮ ಯಂತ್ರ ಮತ್ತು ತಮ್ಮ ಜನರನ್ನು ಇಟ್ಟು ಬೆಳೆದವು. ಆಸ್ಪತ್ರೆಗಳು ಇದಕ್ಕೆ ಯಾಕೆ ಒಪ್ಪುತ್ತವೆ ಎಂಬುದು ತಿಳಿಯಬೇಕಾದರೆ ಒಂದು ಯಂತ್ರದ ಲೆಕ್ಕವನ್ನು ನೋಡಬೇಕು.

ಒಂದು ಡಯಾಲಿಸಿಸ್‌ಗೆ ನಾಲ್ಕು ಗಂಟೆ ಬೇಕು. ಯಂತ್ರವನ್ನು ತೊಳೆದು, ಮುಂದಿನ ರೋಗಿಗೆ ಅಣಿಗೊಳಿಸುವ ಸಮಯವನ್ನೂ ಸೇರಿಸಿದರೆ, ಬೆಳಗಿನ ಆರರಿಂದ ರಾತ್ರಿ ಒಂಬತ್ತು ಗಂಟೆಯೊಳಗೆ ಮೂರು ಪಾಳಿ ನಡೆಸಬಹುದು. ವಾರಕ್ಕೆ ಆರು ದಿನವೆಂದರೆ ಒಂದು ಯಂತ್ರಕ್ಕೆ ಹದಿನೆಂಟು ಸರದಿ. ವಾರಕ್ಕೆ ಮೂರು ಸಲ ಬರುವ ರೋಗಿಗಳಾದರೆ ಸೋಮ, ಬುಧ, ಶುಕ್ರವಾರ ಮೂವರು, ಮಂಗಳ, ಗುರು, ಶನಿವಾರ ಮೂವರು, ಒಟ್ಟು ಆರು ಜನ. ನಿಮ್ಮ ತಂದೆಯವರಂತೆ ಎರಡು ಸಲ ಬರುವವರಾದರೆ ಒಂಬತ್ತು ಜನ. ಈ ಹದಿನೆಂಟು ಸರದಿಗಳಲ್ಲಿ ಎಷ್ಟು ತುಂಬುತ್ತವೆ ಎಂಬುದರ ಮೇಲೆ ಇಡೀ ವ್ಯವಹಾರ ನಿಂತಿದೆ. ರಕ್ತ ಸೋಸುವ ಡಯಾಲೈಸರ್, ಟ್ಯೂಬಿಂಗ್, ಎರಡು ಸೂಜಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಸಲೈನ್, ಆಸಿಡ್ ಮತ್ತು ಬೈಕಾರ್ಬೊನೇಟ್ ದ್ರಾವಣಗಳ ಖರ್ಚು ರೋಗಿ ಬಂದರೆ ಮಾತ್ರ ಆಗುತ್ತದೆ. ಯಂತ್ರದ ಸಾಲದ ಕಂತು, ನೀರು ಶುದ್ಧೀಕರಿಸುವ ಆರ್‌ಒ ಪ್ಲಾಂಟಿನ ನಿರ್ವಹಣೆ, ಟೆಕ್ನೀಷಿಯನ್‌ ಮತ್ತು ನರ್ಸ್‌ಗಳ ಸಂಬಳ ಮಾತ್ರ ಹಾಸಿಗೆ ಖಾಲಿ ಇದ್ದರೂ ತಪ್ಪುವುದಿಲ್ಲ. ಹೀಗಾಗಿ ಮೊದಲ ಪಾಳಿ ಖರ್ಚನ್ನು ತೂಗಿಸುತ್ತದೆ, ಎರಡನೆಯದು ಉಸಿರಾಡಲು ಬಿಡುತ್ತದೆ, ಲಾಭ ಎಂಬುದು ಕಾಣಿಸಿಕೊಳ್ಳುವುದು ಮೂರನೆಯ ಪಾಳಿಯಲ್ಲಿ.

ಐವತ್ತು ಹಾಸಿಗೆಯ ಸಾಧಾರಣ ಆಸ್ಪತ್ರೆಯೊಂದು ನಾಲ್ಕು ಯಂತ್ರಗಳನ್ನು ಇಟ್ಟುಕೊಂಡು ದಿನಕ್ಕೆ ಒಂದೂವರೆ ಪಾಳಿ ನಡೆಸುತ್ತಿದ್ದರೆ ಅದಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ತಿಂಗಳಿಗೆ ನೂರು ಡಯಾಲೈಸರ್ ಕೊಳ್ಳುವವರಿಗೆ ಮಾರಾಟಗಾರ ಹೇಳಿದ್ದೇ ಬೆಲೆ. ಲಕ್ಷಗಟ್ಟಲೆ ಕೊಳ್ಳುವವರಿಗೆ ಅದೇ ವಸ್ತು ಬೇರೆ ದರದಲ್ಲಿ ಸಿಗುತ್ತದೆ. ಇರುವ ಇಬ್ಬರು ಟೆಕ್ನೀಷಿಯನ್‌ಗಳಲ್ಲಿ ಒಬ್ಬ ಕೆಲಸ ಬಿಟ್ಟರೆ ವಿಭಾಗವೇ ಮುಗ್ಗರಿಸುತ್ತದೆ. ಆದ್ದರಿಂದ ಆಸ್ಪತ್ರೆ ಜಾಗ, ನೀರು, ವಿದ್ಯುತ್ ಮತ್ತು ರೋಗಿಗಳನ್ನು ಕೊಡುತ್ತದೆ, ಕಂಪನಿ ಯಂತ್ರ, ಸಿಬ್ಬಂದಿ ಮತ್ತು ಸಾಮಗ್ರಿ ತರುತ್ತದೆ, ಬಂದ ಹಣವನ್ನು ಒಪ್ಪಂದದಂತೆ ಇಬ್ಬರೂ ಹಂಚಿಕೊಳ್ಳುತ್ತಾರೆ. ಕಂಪನಿಯ ಕಡೆಯಿಂದ ನೋಡಿದರೆ ನೆಲ ಮತ್ತು ಕಟ್ಟಡದ ಬಂಡವಾಳವಿಲ್ಲದೆ, ರೋಗಿಗಳ ಪಟ್ಟಿ ಸಮೇತ ಸಿದ್ಧವಾಗಿರುವ ಕೇಂದ್ರವೊಂದು ಕೈಗೆ ಬಂದಂತಾಯಿತು.

ಡಯಾಲಿಸಿಸ್‌ಗೆ ಇನ್ನೊಂದು ಗುಣವಿದೆ, ಅದನ್ನು ಹೇಳುವಾಗ ವೈದ್ಯನಾದ ನನಗೆ ಸ್ವಲ್ಪ ಮುಜುಗರವೇ ಆಗುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡವರು ಮನೆಗೆ ಹೋದರೆ ಮತ್ತೆ ಬರುವುದಿಲ್ಲ. ಡಯಾಲಿಸಿಸ್ ರೋಗಿ ವರ್ಷಕ್ಕೆ 104 ಸಲ ಅಥವಾ 156 ಸಲ ಅದೇ ಹಾಸಿಗೆಗೆ ಬರುತ್ತಾರೆ. ಈ ಬರುವಿಕೆ ನಿಲ್ಲುವುದು ಕಿಡ್ನಿ ಕಸಿಯಾದಾಗ, ಸಾವು ಬಂದಾಗ, ಇಲ್ಲವೇ ಮನೆಯವರ ಕೈ ಬರಿದಾದಾಗ. ಬಂಡವಾಳ ಹೂಡುವವರು ಇದನ್ನು ಸ್ಥಿರ ಆದಾಯವೆಂದು ಕರೆಯುತ್ತಾರೆ. ಆ ಮಾತು ತಪ್ಪಲ್ಲ. ಆದರೆ ನಮ್ಮ ದೇಶದಲ್ಲಿ ಬಹಳ ಕಾಲ ಕೈ ಬರಿದಾಗುವ ಕಾರಣವೇ ಎದ್ದು ಕಾಣುತ್ತಿತ್ತು, ಆದ್ದರಿಂದ ಆ ಸ್ಥಿರತೆ ಕಾಗದದ ಮೇಲಷ್ಟೇ ಇತ್ತು. ಡಯಾಲಿಸಿಸ್ ಕಂಪನಿಯ ಬೆಳವಣಿಗೆಯನ್ನು ಅರ್ಥ ಮಾಡಿಕೊಳ್ಳಲು ಯಂತ್ರಕ್ಕಿಂತ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಹಣ ಕಟ್ಟುವವರು ಯಾರು?

ಅಮೆರಿಕದ ಇತಿಹಾಸ ಇದನ್ನು ಚೆನ್ನಾಗಿ ತೋರಿಸುತ್ತದೆ. 1960ರಲ್ಲಿ ಸಿಯಾಟಲ್ ನಗರದ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಟೆಫ್ಲಾನ್ ನಳಿಕೆಯೊಂದನ್ನು ರೋಗಿಯ ಕೈಯ ರಕ್ತನಾಳಗಳಿಗೆ ಜೋಡಿಸಿ, ಪದೇ ಪದೇ ಡಯಾಲಿಸಿಸ್ ಮಾಡಬಹುದೆಂದು ತೋರಿಸಿಕೊಟ್ಟರು. ಅಲ್ಲಿಯವರೆಗೆ ಕೃತಕ ಮೂತ್ರಪಿಂಡವು ಕೆಲವು ದಿನಗಳ ಸಂಕಟವನ್ನು ದಾಟಿಸುವ ಉಪಕರಣವಷ್ಟೇ ಆಗಿತ್ತು. 1962ರಲ್ಲಿ ಅದೇ ಊರಿನಲ್ಲಿ ಕೇಂದ್ರವೊಂದು ತೆರೆಯಿತು, ಆದರೆ ಬೆರಳೆಣಿಕೆಯ ಯಂತ್ರಗಳಿಗೆ ರೋಗಿಗಳು ಬಹಳವಾದದ್ದರಿಂದ, ಯಾರಿಗೆ ಅವಕಾಶ ಕೊಡಬೇಕೆಂದು ತೀರ್ಮಾನಿಸಲು ಊರಿನ ಸಾಮಾನ್ಯ ನಾಗರಿಕರ ಸಮಿತಿಯೊಂದನ್ನು ಕೂಡಿಸಬೇಕಾಯಿತು. ಯಾರು ಬದುಕಬೇಕೆಂಬುದನ್ನು ಸಮಿತಿ ಆರಿಸುವ ಆ ಸ್ಥಿತಿ ದೇಶದಲ್ಲೆಲ್ಲ ಚರ್ಚೆಗೆ ಬಂತು. 1971ರಲ್ಲಿ ರೋಗಿಯೊಬ್ಬರು ಅಮೆರಿಕದ ಸಂಸತ್ತಿನ ಸಮಿತಿಯ ಎದುರಿನಲ್ಲೇ ಯಂತ್ರಕ್ಕೆ ಜೋಡಿಸಿಕೊಂಡು ಮಲಗಿ ತಮ್ಮ ಅಹವಾಲು ಹೇಳಿದರು. ಮರುವರ್ಷ ಕಾನೂನು ಬಂತು. 1973ರ ಜುಲೈಯಿಂದ, ವಯಸ್ಸು ಎಷ್ಟೇ ಇದ್ದರೂ ಕಿಡ್ನಿ ಪೂರ್ತಿ ವಿಫಲವಾದ ಬಹುಪಾಲು ಎಲ್ಲರ ಡಯಾಲಿಸಿಸ್ ಖರ್ಚನ್ನು ಮೆಡಿಕೇರ್ ಎಂಬ ಸರ್ಕಾರಿ ವಿಮೆ ವಹಿಸಿಕೊಂಡಿತು. ಒಂದು ಅಂಗದ ಕಾಯಿಲೆಗಾಗಿಯೇ ಅಂಥ ಹಕ್ಕು ಆ ದೇಶದಲ್ಲಿ ಬೇರೆ ಯಾರಿಗೂ ಸಿಕ್ಕಿರಲಿಲ್ಲ.

ಕಂಪನಿಗಳು ಬೆಳೆದದ್ದು ಆ ಕಾನೂನಿನ ನೆರಳಿನಲ್ಲಿ. ಇಂದು ಅಮೆರಿಕದ ಡಯಾಲಿಸಿಸ್ ರೋಗಿಗಳಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಜನ ಎರಡೇ ಕಂಪನಿಗಳ ಕೇಂದ್ರಗಳಿಗೆ ಹೋಗುತ್ತಾರೆ: ಒಂದು ಜರ್ಮನಿ ಮೂಲದ ಫ್ರೆಸೀನಿಯಸ್, ಇನ್ನೊಂದು ಡವೀಟಾ. ಡವೀಟಾದ ಹಿಂದಿನ ಹೆಸರು ಟೋಟಲ್ ರೀನಲ್ ಕೇರ್. 1998ರಲ್ಲಿ ಇನ್ನೊಂದು ದೊಡ್ಡ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡು ಅರಗಿಸಿಕೊಳ್ಳಲಾಗದೆ ಅದು ದಿವಾಳಿಯ ಅಂಚಿಗೆ ಬಂದಿತ್ತು. 1999ರಲ್ಲಿ ಕೆಂಟ್ ಥೀರಿ ಎಂಬವರು ಮುಖ್ಯಸ್ಥರಾಗಿ ಬಂದು, ಹೆಸರನ್ನೂ ನಡೆಸುವ ರೀತಿಯನ್ನೂ ಬದಲಿಸಿದರು. 2005ರಲ್ಲಿ ಗ್ಯಾಂಬ್ರೋ ಕಂಪನಿಯ ಅಮೆರಿಕದ ಕೇಂದ್ರಗಳನ್ನು ಸುಮಾರು 300 ಕೋಟಿ ಡಾಲರಿಗೆ ಕೊಂಡ ಮೇಲೆ ಅದು ಹಿಂತಿರುಗಿ ನೋಡಲಿಲ್ಲ. ಇಂದು ಅಮೆರಿಕದಲ್ಲೇ ಅದಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಇದೇ ಡವೀಟಾ ಕಳೆದ ದಶಕದ ಆರಂಭದಲ್ಲಿ ಬೆಂಗಳೂರಿನ ನೆಫ್ರೋಲೈಫ್ ಸಂಸ್ಥೆಯ ಮೂಲಕ ನಮ್ಮ ದೇಶಕ್ಕೂ ಕಾಲಿಟ್ಟಿತ್ತು. ಆದರೆ 2018ರಲ್ಲಿ ಭಾರತದಲ್ಲಿನ ತನ್ನ ಕೇಂದ್ರಗಳನ್ನೆಲ್ಲ ಹೈದರಾಬಾದಿನ ನೆಫ್ರೋಪ್ಲಸ್ ಕಂಪನಿಗೆ ಒಪ್ಪಿಸಿ ಹಿಂದಿರುಗಿತು. ಒಂದು ಸರದಿಗೆ ಸರ್ಕಾರವೇ ಇಂದಿನ ಲೆಕ್ಕದಲ್ಲಿ ಸುಮಾರು 280 ಡಾಲರ್ ಕೊಡುವ ದೇಶದಲ್ಲಿ ರೂಢಿಯಾದ ಕಂಪನಿಗೆ, ಎರಡು ಸಾವಿರ ರೂಪಾಯಿಯನ್ನು ರೋಗಿಯ ಮಗಳು ಎಣಿಸಿ ಕೊಡುವ ದೇಶದಲ್ಲಿ ನಡೆಯುವುದು ಕಷ್ಟವಾಗಿರಬೇಕೆಂದು ನನ್ನ ಊಹೆ.

ನೀವು ಪತ್ರಿಕೆಯಲ್ಲಿ ಓದಿದ ಕಂಪನಿ ಇದೇ ನೆಫ್ರೋಪ್ಲಸ್ ಇರಬೇಕು. ಷೇರುಪೇಟೆಯಲ್ಲಿ ಅದರ ಹೆಸರು ನೆಫ್ರೋಕೇರ್ ಹೆಲ್ತ್ ಸರ್ವಿಸಸ್. ನಿಮ್ಮ ಆಸ್ಪತ್ರೆಯ ಬೋರ್ಡು ಯಾವ ಕಂಪನಿಯದೆಂದು ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಇದನ್ನು ಉದಾಹರಣೆಗೆ ಆರಿಸಿಕೊಂಡದ್ದು ಈ ಕ್ಷೇತ್ರದಲ್ಲಿ ನಮ್ಮ ದೇಶದ ಅತಿ ದೊಡ್ಡ ಕಂಪನಿ ಎಂಬ ಕಾರಣಕ್ಕೆ. ಇದನ್ನು ಕಟ್ಟಿದ ಮೂವರಲ್ಲಿ ವಿಕ್ರಂ ವುಪ್ಪಾಲ ಅಮೆರಿಕದಲ್ಲಿ ಮೆಕಿನ್ಸಿ ಸಂಸ್ಥೆಯಲ್ಲಿ ಸಲಹೆಗಾರರಾಗಿದ್ದು ಹಿಂದಿರುಗಿದವರು, ಸಂದೀಪ್ ಗುಡಿಬಂಡ ಉದ್ಯಮಿ. ಮೂರನೆಯವರಾದ ಕಮಲ್ ಷಾ ಸ್ವತಃ ರೋಗಿ. 1997ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರ ಕಿಡ್ನಿಗಳು ವಿಫಲವಾದವು. ರಾತ್ರಿ ಮಲಗಿರುವಾಗಲೇ ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಂಡು ಹಗಲು ಕೆಲಸಕ್ಕೆ ಹೋಗುತ್ತಿದ್ದವರು ಅವರು. ರೋಗಿಯನ್ನು ರೋಗಿ ಎನ್ನದೆ ಅತಿಥಿ ಎಂದು ಕರೆಯುವ ಪದ್ಧತಿ ಆ ಕಂಪನಿಯಲ್ಲಿದೆ. ಈ ಬಗೆಯ ಹೆಸರಿಡುವಿಕೆ ನನಗೆ ಮೊದಮೊದಲು ನಾಟಕೀಯವೆನಿಸುತ್ತಿತ್ತು; ಆದರೆ ಡಯಾಲಿಸಿಸ್ ಮೇಲೆಯೇ ಬದುಕುವವರೊಬ್ಬರು ಕಂಪನಿ ಕಟ್ಟುವವರ ಸಾಲಿನಲ್ಲೂ ಕುಳಿತಿದ್ದರೆ, ಸೂಜಿ ಚುಚ್ಚುವವನ ಕೈ ನಡುಗುವ ವಿಷಯ ಆಡಳಿತ ಮಂಡಳಿಯವರೆಗೆ ತಲಪುತ್ತದೆ ಎಂಬುದನ್ನು ಒಪ್ಪಬೇಕು.

ಹೈದರಾಬಾದಿನಲ್ಲಿ 2010ರಲ್ಲಿ ಒಂದು ಕೇಂದ್ರದಿಂದ ಆರಂಭವಾದ ಈ ಕಂಪನಿಗೆ 2025ರ ಸೆಪ್ಟೆಂಬರ್ ಅಂತ್ಯಕ್ಕೆ 519 ಕೇಂದ್ರಗಳಿದ್ದವು. ಅವುಗಳಲ್ಲಿ 51 ನೇಪಾಳ, ಫಿಲಿಪ್ಪೀನ್ಸ್ ಮತ್ತು ಉಜ್ಬೆಕಿಸ್ತಾನಗಳಲ್ಲಿವೆ. ಈ ನಡುವೆ ಬೆಸೆಮರ್, ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ, ಇನ್ವೆಸ್ಟ್‌ಕಾರ್ಪ್, ಕ್ವಾಡ್ರಿಯಾ ಮೊದಲಾದವರು ಸರದಿಯಂತೆ ಬಂಡವಾಳ ಹಾಕಿದರು. ವರಮಾನ 2022-23ರಲ್ಲಿ 437 ಕೋಟಿ ರೂಪಾಯಿಯಷ್ಟಿತ್ತು, ಆ ವರ್ಷ ಕಂಪನಿ ಸುಮಾರು 12 ಕೋಟಿ ನಷ್ಟವನ್ನೂ ಕಂಡಿತು; 2024-25ರಲ್ಲಿ ವರಮಾನ ಸುಮಾರು 756 ಕೋಟಿಗೆ ಏರಿ, 67 ಕೋಟಿ ಲಾಭ ಬಂತು. ಮೊದಲ ಕೇಂದ್ರದಿಂದ ಹನ್ನೆರಡು ವರ್ಷ ಕಳೆದ ಮೇಲೂ ನಷ್ಟದಲ್ಲಿದ್ದ ವ್ಯವಹಾರವಿದು ಎಂಬುದನ್ನು ಗಮನಿಸಿ. ರೋಗಿಗಳನ್ನು ಸುಲಿದು ರಾತ್ರೋರಾತ್ರಿ ಬೆಳೆದ ಕಂಪನಿಗಳಿವು ಎಂಬ ಊಹೆ ಸರಿಯಲ್ಲ. 2025ರ ಡಿಸೆಂಬರಿನಲ್ಲಿ ಷೇರು ಬಿಡುಗಡೆಯಾದಾಗ ಒಟ್ಟು ಮೊತ್ತ 871 ಕೋಟಿಯಷ್ಟಿತ್ತು. ಆದರೆ ಅದರಲ್ಲಿ ಹೊಸ ಷೇರುಗಳ ಮೂಲಕ ಕಂಪನಿಗೆ ಬಂದದ್ದು 353 ಕೋಟಿ ಮಾತ್ರ. ಅರ್ಧಕ್ಕಿಂತ ಹೆಚ್ಚಿನ ಹಣ ಹಳೆಯ ಹೂಡಿಕೆದಾರರು ತಮ್ಮ ಪಾಲನ್ನು ಮಾರಿಕೊಂಡದ್ದು. ಕಂಪನಿಗೆ ಬಂದ ಹಣ ಮುಖ್ಯವಾಗಿ ಹೊಸ ಕೇಂದ್ರಗಳಿಗೂ ಸಾಲ ತೀರಿಸಲಿಕ್ಕೂ ಎಂದು ಹೇಳಿಕೊಂಡಿದ್ದಾರೆ. ಷೇರು ಕೊಳ್ಳಬೇಕೆ ಬೇಡವೆ ಎಂದು ನೀವು ಕೇಳಿಲ್ಲ, ಕೇಳಿದ್ದರೂ ನಾನು ಅದರ ತಜ್ಞನಲ್ಲ.

ಹಣ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ಬದಲಾಗತೊಡಗಿದ್ದು 2016ರಲ್ಲಿ. ಆ ವರ್ಷದ ಕೇಂದ್ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿಯವರು, ದೇಶದಲ್ಲಿ ಪ್ರತಿವರ್ಷ ಸುಮಾರು 2.2 ಲಕ್ಷ ಹೊಸ ರೋಗಿಗಳು ಕಿಡ್ನಿ ವೈಫಲ್ಯದ ಕೊನೆಯ ಹಂತಕ್ಕೆ ಬರುತ್ತಾರೆ, ಇರುವ ಸುಮಾರು 4,950 ಕೇಂದ್ರಗಳು ಬಹುಪಾಲು ದೊಡ್ಡ ಊರುಗಳಲ್ಲಿವೆ, ಬೇಡಿಕೆಯ ಅರ್ಧವಷ್ಟೇ ಪೂರೈಕೆಯಾಗುತ್ತಿದೆ, ಒಬ್ಬ ರೋಗಿಗೆ ವರ್ಷಕ್ಕೆ ಮೂರು ಲಕ್ಷ ರೂಪಾಯಿಗೂ ಹೆಚ್ಚು ಖರ್ಚಾಗುತ್ತದೆ ಎಂದು ಹೇಳಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಘೋಷಿಸಿದರು. ಯಂತ್ರದ ಕೆಲವು ಭಾಗಗಳ ಸುಂಕವೂ ಇಳಿಯಿತು. ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವದ ಈ ಏರ್ಪಾಡಿನಲ್ಲಿ ಜಾಗ, ವಿದ್ಯುತ್, ನೀರು ಮತ್ತು ಔಷಧ ಸರ್ಕಾರದ್ದು. ಯಂತ್ರ, ಆರ್‌ಒ ಪ್ಲಾಂಟ್, ಡಯಾಲೈಸರ್ ಮತ್ತು ಸಿಬ್ಬಂದಿ ಕಂಪನಿಯವರದು. ಬಡ ರೋಗಿಗಳ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ. ಖಾಸಗಿ ಆಸ್ಪತ್ರೆಯೊಂದಿಗಿನ ಒಪ್ಪಂದದ ಅಚ್ಚೇ ಇದು, ಹಣ ಕೊಡುವ ಕೈ ಮಾತ್ರ ಬೇರೆ. ಟೆಂಡರಿನಲ್ಲಿ ನಿಗದಿಯಾಗುವ ದರ ಖಾಸಗಿ ದರಕ್ಕಿಂತ ಕಡಿಮೆಯಿದ್ದರೂ ಮೂರನೆಯ ಪಾಳಿ ತುಂಬುತ್ತದೆ. ಹೀಗೆ ಕಂಪನಿಗಳು ತಾಲ್ಲೂಕುಗಳನ್ನು ಮುಟ್ಟಿದವು.

ಸರ್ಕಾರದ ದರ ಬೆಳವಣಿಗೆಯನ್ನು ಎತ್ತ ಎಳೆಯುತ್ತದೆ ಎಂಬುದಕ್ಕೆ ಫಿಲಿಪ್ಪೀನ್ಸ್ ತಾಜಾ ಉದಾಹರಣೆ. ಅಲ್ಲಿನ ಸರ್ಕಾರಿ ವಿಮೆ ಹಿಂದೆ ವರ್ಷಕ್ಕೆ 90 ಸರದಿಗಳಿಗೆ ಮಾತ್ರ ಹಣ ಕೊಡುತ್ತಿತ್ತು. ಅದನ್ನು 2023ರಲ್ಲಿ 156ಕ್ಕೆ, ಎಂದರೆ ವಾರಕ್ಕೆ ಮೂರರಂತೆ ಇಡೀ ವರ್ಷಕ್ಕೆ ಏರಿಸಿದರು. ಬಹುಕಾಲ 2,600 ಪೆಸೊ ಇದ್ದ ಒಂದು ಸರದಿಯ ದರ 2024ರಲ್ಲಿ ಎರಡು ಹೆಜ್ಜೆಯಲ್ಲಿ 6,350 ಪೆಸೊ ಆಯಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಒಂಬತ್ತು ಸಾವಿರ ರೂಪಾಯಿ. ಹೈದರಾಬಾದಿನ ಕಂಪನಿಗೆ ಮನಿಲಾ ಹತ್ತಿರವೆನಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ: ಬೆಳೆದರೆ ಒಳ್ಳೆಯದೋ ಕೆಟ್ಟದ್ದೋ? ಎರಡೂ ಹೌದು ಎಂದು ಹೇಳಿ ಜಾರಿಕೊಳ್ಳುವುದು ಸುಲಭ, ಆದರೆ ಎಲ್ಲಿ ಒಳ್ಳೆಯದು, ಎಲ್ಲಿ ಕೆಟ್ಟದ್ದು ಎಂಬುದನ್ನು ಸಾಕಷ್ಟು ಖಚಿತವಾಗಿಯೇ ಹೇಳಬಹುದು.

ಒಳ್ಳೆಯದು ಕಾಣುವುದು ಹೆಚ್ಚಾಗಿ ರೋಗಿಯ ಕಣ್ಣಿಗೆ ಬೀಳದ ಕೋಣೆಯಲ್ಲಿ. ನಾಲ್ಕು ಗಂಟೆಯ ಒಂದು ಸರದಿಯಲ್ಲಿ ನಿಮ್ಮ ತಂದೆಯವರ ರಕ್ತವು, ತೆಳುವಾದ ಪೊರೆಯ ಆಚೆ ಹರಿಯುವ ಸುಮಾರು 120 ಲೀಟರ್ ದ್ರಾವಣಕ್ಕೆ ಮುಖಾಮುಖಿಯಾಗುತ್ತದೆ. ನಾವು ಕುಡಿಯುವ ನೀರಿನಲ್ಲಿ ಇದ್ದರೂ ಹೊಟ್ಟೆ ಮತ್ತು ಕಿಡ್ನಿ ಸಂಭಾಳಿಸುವ ಕ್ಲೋರಮೀನ್, ಅಲ್ಯೂಮಿನಿಯಂ, ಬ್ಯಾಕ್ಟೀರಿಯಾದ ವಿಷ ಇವೆಲ್ಲ ಇಲ್ಲಿ ನೇರವಾಗಿ ರಕ್ತಕ್ಕೆ ದಾಟಬಲ್ಲವು. 1996ರಲ್ಲಿ ಬ್ರೆಜಿಲಿನ ಕರುವಾರು ಎಂಬ ಊರಿನ ಕೇಂದ್ರವೊಂದರಲ್ಲಿ, ಕೆರೆಯ ಪಾಚಿಯ ವಿಷ ಬೆರೆತ ನೀರು ಸರಿಯಾಗಿ ಶುದ್ಧವಾಗದೆ ಯಂತ್ರಗಳಿಗೆ ಹರಿದು 50ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ನಾನು ಹಿಂದೆ ಕೆಲಸ ಮಾಡಿದ ಸಣ್ಣ ಆಸ್ಪತ್ರೆಯೊಂದರಲ್ಲಿ ಆರ್‌ಒ ಪ್ಲಾಂಟ್ ಇದ್ದದ್ದು ಮಾಳಿಗೆಯ ಮೇಲೆ, ತಗಡಿನ ಶೆಡ್ಡಿನಲ್ಲಿ. ಕಾರ್ಬನ್ ಫಿಲ್ಟರ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ, ಅದನ್ನು ಹಾಕಿದವನು ಬಿಟ್ಟುಹೋಗಿ ಎರಡು ವರ್ಷವಾಯಿತೆಂಬ ಉತ್ತರ ಬಂತು. ನೂರಾರು ಕೇಂದ್ರ ನಡೆಸುವ ಸಂಸ್ಥೆಯಲ್ಲಿ ನೀರಿನ ಪರೀಕ್ಷೆ ಒಬ್ಬ ವ್ಯಕ್ತಿಯ ನೆನಪಿಗೆ ಬಿಟ್ಟ ವಿಷಯವಾಗಿರುವುದಿಲ್ಲ. ತಿಂಗಳಿಗೊಮ್ಮೆ ವರದಿ ಹೋಗದಿದ್ದರೆ ಇನ್ನೊಂದು ಊರಿನಲ್ಲಿ ಕುಳಿತವರು ಕೇಳುತ್ತಾರೆ. ಟೆಕ್ನೀಷಿಯನ್‌ಗಳ ತರಬೇತಿಯೂ ಹಾಗೆಯೇ. ಬೇರೆ ಊರಿಗೆ ಮದುವೆಗೋ ಯಾತ್ರೆಗೋ ಹೋದಾಗ ಅದೇ ಕಂಪನಿಯ ಅಲ್ಲಿನ ಕೇಂದ್ರದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳಬಹುದೆಂಬುದು ಹೊರಗಿನವರಿಗೆ ಸಣ್ಣ ಸೌಲಭ್ಯವೆನಿಸಬಹುದು. ಐದು ವರ್ಷ ಊರು ಬಿಟ್ಟು ಕದಲದ ರೋಗಿಗಳನ್ನು ಕಂಡಿರುವ ನನಗೆ ಅದು ಸಣ್ಣದಲ್ಲ.

ಕೆಟ್ಟದ್ದರ ಬಗ್ಗೆ ಅಮೆರಿಕದಲ್ಲಿ ಒಳ್ಳೆಯ ಅಧ್ಯಯನವಿದೆ. ದೊಡ್ಡ ಸರಪಳಿಗಳು ಸ್ವತಂತ್ರ ಕೇಂದ್ರಗಳನ್ನು ಕೊಂಡ ಸಾವಿರಕ್ಕೂ ಹೆಚ್ಚು ಸಂದರ್ಭಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಕೊಂಡ ಮೇಲೆ ಅದೇ ಕೇಂದ್ರದಲ್ಲಿ ದುಬಾರಿ ರಕ್ತವರ್ಧಕ ಚುಚ್ಚುಮದ್ದಿನ ಬಳಕೆ ಬಹಳ ಹೆಚ್ಚಿತು, ಪ್ರತಿ ಸಿಬ್ಬಂದಿ ನೋಡಬೇಕಾದ ರೋಗಿಗಳ ಸಂಖ್ಯೆ ಏರಿತು, ರೋಗಿಗಳು ಆಸ್ಪತ್ರೆಗೆ ದಾಖಲಾಗುವುದು ಹೆಚ್ಚಾಯಿತು, ಕಿಡ್ನಿ ಕಸಿಯ ಪಟ್ಟಿಗೆ ಸೇರುವುದು ಕಡಿಮೆಯಾಯಿತು, ಬದುಕುಳಿಯುವ ಪ್ರಮಾಣವೂ ಇಳಿಯಿತು. ಆ ಚುಚ್ಚುಮದ್ದಿಗೆ ಆಗ ಮೆಡಿಕೇರ್ ಬೇರೆಯಾಗಿ, ಕೊಟ್ಟಷ್ಟಕ್ಕೂ ಹಣ ಕೊಡುತ್ತಿತ್ತು. 2011ರಿಂದ ಎಲ್ಲವನ್ನೂ ಒಂದೇ ದರದೊಳಗೆ ಸೇರಿಸಿದಾಗ ಬಳಕೆ ಇಳಿಯಿತು. ಔಷಧಗಳನ್ನು ಬೇಕೆಂದೇ ಹೆಚ್ಚು ವ್ಯರ್ಥವಾಗುವಂತೆ ಕೊಟ್ಟು ಸರ್ಕಾರಕ್ಕೆ ಬಿಲ್ ಮಾಡಿದ ಆರೋಪದ ಮೇಲೆ ಡವೀಟಾ 2015ರಲ್ಲಿ 45 ಕೋಟಿ ಡಾಲರ್ ಕಟ್ಟಿ, ತಪ್ಪನ್ನು ಒಪ್ಪಿಕೊಳ್ಳದೆ, ರಾಜಿ ಮಾಡಿಕೊಂಡಿತು. ಈ ಕಂಪನಿಗಳ ಜನ ನಮಗಿಂತ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹಣ ಯಾವುದಕ್ಕೆ ಸಿಗುತ್ತದೋ ಅದು ಹೆಚ್ಚು ನಡೆಯುತ್ತದೆ, ದೊಡ್ಡ ಸಂಸ್ಥೆಯಲ್ಲಿ ಅದು ಅಷ್ಟೂ ಕೇಂದ್ರಗಳಲ್ಲಿ ಒಟ್ಟಿಗೇ ನಡೆಯುತ್ತದೆ.

ನಮ್ಮಲ್ಲಿ ಹಣ ಸಿಗುವುದು ಸರದಿಯ ಲೆಕ್ಕಕ್ಕೆ, ಅದೂ ಕಡಿಮೆ ದರದಲ್ಲಿ. ಆದ್ದರಿಂದ ಇಲ್ಲಿ ಎಚ್ಚರ ವಹಿಸಬೇಕಾದದ್ದು ಹೆಚ್ಚು ಔಷಧದ ಬಗ್ಗೆಯಲ್ಲ, ಕಡಿಮೆ ಖರ್ಚಿನ ಬಗ್ಗೆ. ನಾಲ್ಕು ಗಂಟೆಯ ಸರದಿ ಮೂರೂವರೆಗೆ ಮುಗಿದರೆ ಮೂರನೆಯ ಪಾಳಿ ಬೇಗ ಆರಂಭವಾಗುತ್ತದೆ. ಒಬ್ಬ ಟೆಕ್ನೀಷಿಯನ್ ಮೂವರ ಬದಲು ಐವರನ್ನು ನೋಡಿಕೊಂಡರೆ ಸಂಬಳ ಉಳಿಯುತ್ತದೆ. ತೊಳೆದು ಮತ್ತೆ ಬಳಸುವ ಡಯಾಲೈಸರನ್ನು ಇನ್ನೂ ಎರಡು ಸಲ ಓಡಿಸಿದರೆ ಸಾಮಗ್ರಿ ಉಳಿಯುತ್ತದೆ. ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಡಯಾಲೈಸರ್ ಕೊಡುವುದಾಗಿ 2024ರಲ್ಲಿ ಸರ್ಕಾರ ನಿರ್ಧರಿಸಿದ್ದು ಈ ದೃಷ್ಟಿಯಿಂದ ಒಳ್ಳೆಯ ಹೆಜ್ಜೆ. ಆದರೆ ಇದೇ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಿಂದೆ ಗುತ್ತಿಗೆ ಸಂಸ್ಥೆ ಬದಲಾಗುವ ದಿನಗಳಲ್ಲಿ ಸಿಬ್ಬಂದಿಗೆ ಸಂಬಳ ಬರದೆ, ಸಾಮಗ್ರಿ ಮುಗಿದು, ರೋಗಿಗಳು ಖಾಸಗಿ ಆಸ್ಪತ್ರೆಗಳಿಗೆ ಅಲೆದದ್ದೂ ಉಂಟು. ಸರ್ಕಾರ ಬಾಕಿ ಉಳಿಸಿಕೊಂಡರೆ ಕಂಪನಿ ಕೈಚೆಲ್ಲುತ್ತದೆ. ಡಯಾಲಿಸಿಸ್ ರೋಗಿಗೆ ಒಂದು ವಾರ ಕಾಯಿರಿ ಎನ್ನಲಾಗುವುದಿಲ್ಲ.

ಇನ್ನೊಂದು ಮಾತು ಕಸಿಯ ಬಗ್ಗೆ. ಡಯಾಲಿಸಿಸ್ ಕೇಂದ್ರವೊಂದರ ಅತ್ಯುತ್ತಮ ಫಲಿತಾಂಶವೆಂದರೆ ರೋಗಿಯೊಬ್ಬರು ಕಸಿಯಾಗಿ ಅಲ್ಲಿಗೆ ಬರುವುದನ್ನು ನಿಲ್ಲಿಸುವುದು. ಆದರೆ ಕೇಂದ್ರದ ಲೆಕ್ಕದ ಪುಸ್ತಕದಲ್ಲಿ ಅದು ಖಾಲಿ ಸರದಿ. ಹೀಗಾಗಿ ಆ ಮಾತನ್ನು ಕೇಂದ್ರದವರೇ ತೆಗೆಯುತ್ತಾರೆಂದು ಕಾಯಬೇಡಿ. ನಿಮ್ಮ ತಂದೆಯವರ ವಯಸ್ಸು ಮಾತ್ರವೇ ಅಡ್ಡಿಯಲ್ಲ. ಹೃದಯ ಮತ್ತು ರಕ್ತನಾಳಗಳ ಸ್ಥಿತಿ ನೋಡಿ ತೀರ್ಮಾನವಾಗಬೇಕು. ಮಿದುಳು ಸತ್ತ ದಾನಿಗಳ ಅಂಗಗಳಿಗಾಗಿ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆಯ ಕಾಯುವ ಪಟ್ಟಿ ಇದೆ. ಮಾನ್ಯತೆ ಪಡೆದ ಕಸಿ ಆಸ್ಪತ್ರೆಯೊಂದರ ಮೂಲಕ ಅದಕ್ಕೆ ಹೆಸರು ನೋಂದಾಯಿಸಬೇಕು. ಮುಂದಿನ ಭೇಟಿಯಲ್ಲೇ ನೆಫ್ರಾಲಜಿಸ್ಟರನ್ನು, ಎಂದರೆ ಕಿಡ್ನಿ ತಜ್ಞರನ್ನು, ಕೇಳಿ.

ಈಗ ಕೇಂದ್ರ ಬದಲಿಸುವ ವಿಷಯ. 90 ಕಿಲೋಮೀಟರ್ ಪ್ರಯಾಣ ಎಂಬ ಒಂದೇ ಕಾರಣಕ್ಕೆ ಬದಲಿಸುವ ಕಡೆಗೆ ನನ್ನ ಒಲವಿದೆ. ದೂರ ಕಡಿಮೆಯಾದರೆ ವಾರಕ್ಕೆ ಎರಡರ ಬದಲು ಮೂರು ಸಲ ಮಾಡಿಸುವುದು ಸಾಧ್ಯವಾಗುತ್ತದೆ. ಮೂತ್ರ ಬಹುತೇಕ ನಿಂತುಹೋಗಿರುವ ರೋಗಿಗೆ ಎರಡು ಸಲ ಸಾಲುವುದಿಲ್ಲ, ನಮ್ಮ ದೇಶದಲ್ಲಿ ಎರಡಕ್ಕೆ ಒಗ್ಗಿಕೊಂಡದ್ದು ಹಣ ಮತ್ತು ದೂರದ ಕಾರಣಕ್ಕೇ ಹೊರತು ವೈದ್ಯಕೀಯ ಕಾರಣಕ್ಕಲ್ಲ. ಆದರೆ ಉದ್ಘಾಟನೆಯ ದಿನ ನೋಡಿ ನಿರ್ಧರಿಸಬೇಡಿ. ಆ ದಿನ ಎಲ್ಲ ಕೇಂದ್ರಗಳೂ ಹೊಳೆಯುತ್ತವೆ. ತೆರೆದು ಒಂದು ತಿಂಗಳಾದ ಮೇಲೆ, ಎರಡನೆಯ ಪಾಳಿ ಮುಗಿದು ಮೂರನೆಯದು ಆರಂಭವಾಗುವ ಹೊತ್ತಿಗೆ, ಸುಮಾರು ಮಧ್ಯಾಹ್ನ ಮೂರು ನಾಲ್ಕರ ನಡುವೆ ಹೋಗಿ ನಿಂತು ನೋಡಿ. ಕೇಂದ್ರದ ನಿಜವಾದ ಗುಣ ಕಾಣುವುದು ಆ ಗಡಿಬಿಡಿಯಲ್ಲಿ. ಹೋಗುವವರನ್ನೂ ಬರುವವರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ ಬರೆದುಕೊಳ್ಳುತ್ತಿದ್ದಾರೆಯೆ, ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಕೈಗವಸು ಬದಲಿಸುತ್ತಾರೆಯೆ, ಸೂಜಿ ಚುಚ್ಚುವ ಮೊದಲು ಫಿಸ್ಟುಲಾದ (ಡಯಾಲಿಸಿಸ್‌ಗೆಂದು ಕೈಯಲ್ಲಿ ಜೋಡಿಸಿದ ರಕ್ತನಾಳದ) ಮೇಲೆ ಬೆರಳಿಟ್ಟು ಅದರ ಕಂಪನವನ್ನು ಪರೀಕ್ಷಿಸುತ್ತಾರೆಯೆ ಎಂಬುದನ್ನು ಯಾವ ವೈದ್ಯಕೀಯ ಜ್ಞಾನವೂ ಇಲ್ಲದೆ ನೀವೇ ನೋಡಬಹುದು. ಡಯಾಲೈಸರ್ ಮರುಬಳಕೆ ಇದ್ದರೆ ಅದರ ಮೇಲೆ ತಂದೆಯವರ ಪೂರ್ತಿ ಹೆಸರು ಮತ್ತು ಎಷ್ಟನೆಯ ಬಳಕೆ ಎಂಬ ಸಂಖ್ಯೆ ಇರಬೇಕು. ತಂದೆಯವರು ಅದನ್ನು ತಾವೇ ಓದಿ ಒಪ್ಪಿದ ಮೇಲೆ ಜೋಡಿಸಬೇಕು. ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಕೋಣೆ ಮತ್ತು ಬೇರೆ ಯಂತ್ರ ಇವೆಯೇ ಎಂದು ಕೇಳಿ.

ನೀರಿನ ಇತ್ತೀಚಿನ ಪರೀಕ್ಷಾ ವರದಿಯನ್ನು ತೋರಿಸಲು ಕೇಳುವುದು ಅನುಚಿತವೆಂದು ಭಾವಿಸಬೇಡಿ. ಅದರಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಎಂಬ ಸಾಲಿನ ಎದುರು 0.25ಕ್ಕಿಂತ ಕಡಿಮೆ, ಬ್ಯಾಕ್ಟೀರಿಯಾದ ಎದುರು 100ಕ್ಕಿಂತ ಕಡಿಮೆ ಇರಬೇಕು. ವರದಿಯ ದಿನಾಂಕ ತಿಂಗಳಿಗಿಂತ ಹಳೆಯದಾಗಿರಬಾರದು. ನೆಫ್ರಾಲಜಿಸ್ಟರು ವಾರದ ಯಾವ ದಿನ ಬರುತ್ತಾರೆ, ರಾತ್ರಿ ಉಸಿರಾಟದ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದಕ್ಕೆ ಹೆಸರು ಸಮೇತ ಉತ್ತರ ಬರಬೇಕು. ಬರುತ್ತಾರೆ, ನೋಡಿಕೊಳ್ಳುತ್ತೇವೆ ಎಂಬುದು ಉತ್ತರವಲ್ಲ. ಬದಲಿಸಿದ ಮೇಲೆ ಮೊದಲ ತಿಂಗಳ ಕೊನೆಗೆ ಡಯಾಲಿಸಿಸ್‌ಗೆ ಮೊದಲು ಮತ್ತು ನಂತರದ ಯೂರಿಯಾ ಪರೀಕ್ಷೆ ಮಾಡಿಸಿ, ಇಳಿಕೆ ನೂರಕ್ಕೆ 65ಕ್ಕಿಂತ ಹೆಚ್ಚಿದೆಯೆ ನೋಡಿ. ಹಿಮೋಗ್ಲೋಬಿನ್ ಮತ್ತು ಪೊಟ್ಯಾಸಿಯಂ ಫಲಿತಾಂಶಗಳನ್ನು ಈಗಿನ ಆಸ್ಪತ್ರೆಯ ಕಳೆದ ಮೂರು ತಿಂಗಳ ಫಲಿತಾಂಶಗಳ ಪಕ್ಕದಲ್ಲಿ ಇಟ್ಟು ಹೋಲಿಸಿ. ಈಗಿನ ಆಸ್ಪತ್ರೆಯಲ್ಲಿ ಜಗಳವಾಡಿ ಹೊರಡಬೇಡಿ. ಅಲ್ಲಿನ ಸರದಿಯನ್ನು ಒಂದೆರಡು ತಿಂಗಳು ಹಿಡಿದಿಡಲು ಸಾಧ್ಯವೇ ಎಂದು ಕೇಳಿನೋಡಿ, ಮತ್ತು ಬಿಡುವಾಗ ತಂದೆಯವರ ಒಣ ತೂಕ (ಮೈಯಲ್ಲಿನ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ), ಹೆಪಾರಿನ್ ಪ್ರಮಾಣ ಮತ್ತು ಬಳಸುತ್ತಿರುವ ಡಯಾಲೈಸರಿನ ಅಳತೆಯನ್ನು ಬರೆಸಿಕೊಂಡು ಬನ್ನಿ.